ಕೊಬ್ಬನ್ನು ಮುಟ್ಟದ ಶಸ್ತ್ರಚಿಕಿತ್ಸೆ

‘ಕೊಬ್ಬು ತೆಗೆಯುವ ಆಪರೇಷನ್’ ಎಂಬ ಮಾತು ಈಗ ಕಾಸರಗೋಡಿನ ಮದುವೆಮನೆಗಳ ಊಟದ ಪಂಕ್ತಿಯಲ್ಲಿಯೂ ಕೇಳಿಬರುತ್ತದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಯಾರಿಗೋ ಆಯಿತಂತೆ, ಆರು ತಿಂಗಳಲ್ಲಿ ಗುರುತೇ ಸಿಗದಂತಾದರಂತೆ, ಸಕ್ಕರೆ ಕಾಯಿಲೆಯ ಮಾತ್ರೆಯೂ ನಿಂತಿತಂತೆ ಎಂದು ಕಥೆ ಬೆಳೆಯುತ್ತದೆ. ಕಥೆಯಲ್ಲಿ ಸತ್ಯಾಂಶ ಇಲ್ಲದಿಲ್ಲ. ತಪ್ಪಿರುವುದು ಹೆಸರಿನಲ್ಲಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕೊಬ್ಬಿನ ಸಂಗ್ರಹಕ್ಕೆ ಕೈಹಾಕುವುದೇ ಇಲ್ಲ. ಅವರ ಕತ್ತರಿ ತಾಗುವುದು ಜಠರಕ್ಕೆ, ಕೆಲವೊಮ್ಮೆ ಸಣ್ಣ ಕರುಳಿಗೆ. ಹೆಸರಿನ ಈ ತಪ್ಪು ಕ್ಷುಲ್ಲಕವಲ್ಲ; ಅದನ್ನೇ ನಂಬಿ ಕುಟುಂಬಗಳು ಸಾಲ ಮಾಡುತ್ತವೆ, ಸಮ್ಮತಿಪತ್ರಕ್ಕೆ ಸಹಿ ಹಾಕುತ್ತವೆ.

ಕೊಬ್ಬನ್ನೇ ನೇರವಾಗಿ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು 2004ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸ್ಥೂಲಕಾಯದ 15 ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ, ಒಬ್ಬೊಬ್ಬರಿಂದಲೂ ಸುಮಾರು 10 ಕಿಲೋದಷ್ಟು ಕೊಬ್ಬನ್ನು ನಳಿಕೆಯ ಮೂಲಕ ಹೀರಿ ತೆಗೆಯಲಾಯಿತು. ಹತ್ತು-ಹನ್ನೆರಡು ವಾರಗಳ ಬಳಿಕ ಪರೀಕ್ಷಿಸಿದಾಗ ಸೊಂಟದ ಸುತ್ತಳತೆ ಇಳಿದಿತ್ತು. ಆದರೆ ರಕ್ತದಲ್ಲಿನ ಕೊಬ್ಬು, ಸಕ್ಕರೆ, ರಕ್ತದೊತ್ತಡ, ಇನ್ಸುಲಿನ್‌ಗೆ ದೇಹ ಓಗೊಡುವ ರೀತಿ ಇವುಗಳಲ್ಲಿ ಗಮನಾರ್ಹ ಬದಲಾವಣೆ ಏನೂ ಇರಲಿಲ್ಲ. ಕೊಬ್ಬನ್ನು ಮುಟ್ಟದೆ ಜಠರವನ್ನಷ್ಟೇ ಕಿರಿದುಗೊಳಿಸಿದವರಲ್ಲಾದರೋ ಇವೆಲ್ಲವೂ ಸಾಮಾನ್ಯವಾಗಿ ಬದಲಾಗುತ್ತವೆ. ಈ ವೈಚಿತ್ರ್ಯದ ಕಾರಣವನ್ನು ತಿಳಿಯಬೇಕಾದರೆ ದೇಹವು ಕೊಬ್ಬಿನ ವ್ಯವಹಾರವನ್ನು ಹೇಗೆ ನಡೆಸುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹಳೆಯ ಮನೆಗಳ ಪತ್ತಾಯ ಈಗಿನ ಮಕ್ಕಳಿಗೆ ಕಂಡಿರಲಾರದು, ಅಜ್ಜಂದಿರಿಗೆ ನೆನಪಿರುತ್ತದೆ. ಬೆಳೆದ ಭತ್ತವನ್ನು ತುಂಬಿಟ್ಟು ಮಳೆಗಾಲದಲ್ಲಿ ತೆಗೆದು ಬಳಸುವ ಮರದ ಉಗ್ರಾಣವದು. ದೇಹದ ಕೊಬ್ಬಿನ ಜೀವಕೋಶಗಳು ಅಂಥ ಪತ್ತಾಯಗಳು. ಊಟವಾದ ಮೇಲೆ ರಕ್ತದಲ್ಲಿ ಏರುವ ಇನ್ಸುಲಿನ್ ಪತ್ತಾಯಕ್ಕೆ ತುಂಬಲು ಆಜ್ಞೆ ಕೊಡುತ್ತದೆ, ಒಳಗಿದ್ದದ್ದು ಹೊರಗೆ ಹೋಗದಂತೆ ಬಾಗಿಲನ್ನೂ ಮುಚ್ಚುತ್ತದೆ. ಉಪವಾಸದಲ್ಲಿ ಇನ್ಸುಲಿನ್ ಇಳಿದಾಗ ಬಾಗಿಲು ತೆರೆಯುತ್ತದೆ. ಸಂಗ್ರಹದಲ್ಲಿದ್ದ ಟ್ರೈಗ್ಲಿಸರೈಡ್ ಒಡೆದು ಕೊಬ್ಬಿನ ಆಮ್ಲಗಳಾಗಿ ರಕ್ತಕ್ಕೆ ಬಂದು, ಸ್ನಾಯು, ಹೃದಯ, ಯಕೃತ್ತುಗಳಿಗೆ ಉರುವಲಾಗುತ್ತದೆ.

ಪತ್ತಾಯ ತುಂಬಿ ತುಳುಕಿದರೆ ಭತ್ತ ಚಾವಡಿಗೂ ಬರುತ್ತದೆ. ಬೊಜ್ಜು ಬೆಳೆದ ದೇಹದಲ್ಲಿ ನಡೆಯುವುದು ಇದೇ. ಹಿಗ್ಗಿದ ಕೊಬ್ಬಿನ ಕೋಶಗಳು ಇನ್ಸುಲಿನ್‌ನ ಆಜ್ಞೆಯನ್ನು ಸರಿಯಾಗಿ ಕೇಳುವುದಿಲ್ಲ. ಬಾಗಿಲು ಮುಚ್ಚಬೇಕಾದ ಹೊತ್ತಿನಲ್ಲಿಯೂ ಕೊಬ್ಬಿನ ಆಮ್ಲಗಳು ಸೋರುತ್ತಿರುತ್ತವೆ. ಸೋರಿದ್ದು ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಕೊಳ್ಳುತ್ತದೆ. ಯಕೃತ್ತು ತನ್ನಲ್ಲಿ ಹೆಚ್ಚಾದದ್ದನ್ನು ಟ್ರೈಗ್ಲಿಸರೈಡ್ ರೂಪದಲ್ಲಿ ಮತ್ತೆ ರಕ್ತಕ್ಕೆ ಸುರಿಯುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಟ್ರೈಗ್ಲಿಸರೈಡ್ ಏರಿ, ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಇಳಿದಿರುವುದರ ಹಿಂದೆ ಬಹಳಷ್ಟು ಸಲ ಇರುವುದು ಈ ಸೋರಿಕೆ. ನಳಿಕೆಯಿಂದ ಕೊಬ್ಬು ಹೀರಿದಾಗ ಚರ್ಮದಡಿಯ ಕೆಲವು ಪತ್ತಾಯಗಳನ್ನು ಕಿತ್ತು ಹಾಕಿದಂತಾಯಿತೇ ಹೊರತು ಚಾವಡಿಯಲ್ಲಿ ಚೆಲ್ಲಿದ್ದು ಹಾಗೆಯೇ ಉಳಿಯಿತು. ಸೇಂಟ್ ಲೂಯಿಸ್‌ನ ಫಲಿತಾಂಶದ ಅರ್ಥ ಅದು.

ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು. ಒಂದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಹಣ್ಣಿನಂಥ ಕಿರಿದಾದ ನಾಳವಾಗಿಸುತ್ತಾರೆ. ಇದಕ್ಕೆ ಸ್ಲೀವ್ ಎಂದು ಹೆಸರು. ಕತ್ತರಿಸಿದ ಭಾಗ ಮರಳಿ ಬಾರದು. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಆಹಾರ ಒಂದು ದಾರಿಯಲ್ಲಿ, ಪಿತ್ತರಸ ಮತ್ತು ಮೇದೋಜೀರಕ ರಸ ಇನ್ನೊಂದು ದಾರಿಯಲ್ಲಿ ಬಂದು, ಮುಂದೆ ಒಂದು ಕವಲಿನಲ್ಲಿ ಕೂಡುತ್ತವೆ. ಬೈಪಾಸಿನ ಮೂಲರೂಪವನ್ನು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದರು. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಕಂಡದ್ದೇ ಅವರಿಗೆ ದೊರೆತ ಸುಳಿವು.

ಬೈಪಾಸ್ ಆದವರ ತೂಕ ಇಳಿಯುವುದು ತಿಂದ ಕೊಬ್ಬು ಜೀರ್ಣವಾಗದೆ ಹೊರಗೆ ಹೋಗುವುದರಿಂದ ಎಂದು ಬಹುಜನರ ನಂಬಿಕೆ. ಈಗ ರೂಢಿಯಲ್ಲಿರುವ ಬೈಪಾಸಿನಲ್ಲಿ ಅದರ ಪಾಲು ಸಣ್ಣದು; ಮುಖ್ಯ ಕಾರಣ ಊಟ ತಗ್ಗುವುದು. ಊಟ ತಗ್ಗುವುದಕ್ಕೆ ಜಾಗದ ಅಭಾವವೊಂದೇ ಕಾರಣವೂ ಅಲ್ಲ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಬಹುಪಾಲು ಹುಟ್ಟುವುದು ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಜಠರದ ಮೇಲ್ಭಾಗದಲ್ಲಿ. ಆಹಾರ ಬೇಗನೆ ಕೆಳಗಿನ ಕರುಳನ್ನು ತಲುಪುವುದರಿಂದ, ‘ಸಾಕು’ ಎಂದು ಮಿದುಳಿಗೆ ತಿಳಿಸುವ ಜಿಎಲ್‌ಪಿ-1 ಮೊದಲಾದ ಹಾರ್ಮೋನುಗಳು ಊಟದ ಬಳಿಕ ಹೆಚ್ಚಾಗಿ ಸ್ರವಿಸುತ್ತವೆ. ಇತ್ತೀಚೆಗೆ ಔಷಧದ ಅಂಗಡಿಗೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಅನ್ನು. ದಪ್ಪಗಿರುವವರೆಲ್ಲ ಬಾಯಿಚಪಲದವರು ಎಂದು ತೀರ್ಪು ಕೊಡುವ ಬಂಧುಗಳು ಈ ಅಂಶವನ್ನು ಗಮನಿಸುವುದು ಒಳ್ಳೆಯದು. ಇಚ್ಛಾಶಕ್ತಿ ಎಂದು ಕರೆಯುವುದರಲ್ಲಿ ಹಾರ್ಮೋನಿನ ಪಾಲು ಎಷ್ಟು ದೊಡ್ಡದೆಂಬುದು ಶಸ್ತ್ರಚಿಕಿತ್ಸೆ ಆದವರ ಹಸಿವು ಏಕಾಏಕಿ ಅಡಗುವುದರಿಂದ ತಿಳಿಯುತ್ತದೆ.

ಮೊದಲ ವಾರಗಳಲ್ಲಿ ಗಂಜಿತೆಳಿಯಂಥ ದ್ರವಾಹಾರವಷ್ಟೇ ಹೊಟ್ಟೆಗೆ ಹೋಗುತ್ತಿರುವಾಗ ಇನ್ಸುಲಿನ್ ಇಳಿಯುತ್ತದೆ, ಪತ್ತಾಯದ ಬಾಗಿಲು ಅಗಲವಾಗಿ ತೆರೆಯುತ್ತದೆ. ಮೊದಲು ತೆರವಾಗುವುದು ಚಾವಡಿ. ಯಕೃತ್ತಿನ ಕೊಬ್ಬು ಕೆಲವೇ ವಾರಗಳಲ್ಲಿ ಕರಗತೊಡಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನವೇ ಎರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯ ಮಾಡಿಸುವುದೂ ಇದಕ್ಕಾಗಿ: ಉಬ್ಬಿದ ಯಕೃತ್ತು ಜಠರದ ಮೇಲೆ ಅಡ್ಡಬಂದರೆ ವೈದ್ಯರಿಗೆ ಕೆಲಸ ಕಷ್ಟ. ಯಕೃತ್ತು ಹಗುರಾದಂತೆ ಅದು ಇನ್ಸುಲಿನ್‌ನ ಮಾತನ್ನು ಮತ್ತೆ ಕೇಳತೊಡಗುತ್ತದೆ. ತೂಕ ಹೇಳಿಕೊಳ್ಳುವಷ್ಟು ಇಳಿಯುವುದಕ್ಕೆ ಮೊದಲೇ ಕೆಲವರ ರಕ್ತದ ಸಕ್ಕರೆ ಹತೋಟಿಗೆ ಬರುವುದು ಹೀಗೆ. ಟ್ರೈಗ್ಲಿಸರೈಡ್ ಬೇಗನೆ ಇಳಿಯುತ್ತದೆ. ಎಚ್‌ಡಿಎಲ್ ಏರಲು ತಿಂಗಳುಗಳೇ ಬೇಕು.

‘ಕೆಟ್ಟ ಕೊಲೆಸ್ಟರಾಲ್’ ಎಂದು ಹೆಸರಾದ ಎಲ್‌ಡಿಎಲ್‌ನ ಕಥೆ ಬೇರೆ; ಅದರ ಮೂಲ ಇರುವುದು ಪಿತ್ತರಸದಲ್ಲಿ. ಪ್ರೌಢಶಾಲೆಯ ಪುಸ್ತಕದಲ್ಲಿ ಜೀರ್ಣಾಂಗಗಳ ಚಿತ್ರವನ್ನು ಬಿಡಿಸಿದ ಮಕ್ಕಳಿಗೆ ತಿಳಿದಂತೆ, ಪಿತ್ತರಸವು ಯಕೃತ್ತಿನಲ್ಲಿ ಹುಟ್ಟಿ, ಪಿತ್ತಕೋಶದಲ್ಲಿ ಕೂಡಿಟ್ಟುಕೊಂಡು, ಕರುಳಿಗೆ ಬಂದು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೆಂದರೆ, ಪಿತ್ತಾಮ್ಲಗಳನ್ನು ಯಕೃತ್ತು ಕೊಲೆಸ್ಟರಾಲಿನಿಂದಲೇ ತಯಾರಿಸುತ್ತದೆ. ಮತ್ತು ಒಮ್ಮೆ ಬಳಸಿದ್ದರಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿ ಯಕೃತ್ತಿಗೆ ಹಿಂದಿರುಗಿಸುತ್ತದೆ. ಬಹಳ ಜಿಪುಣತನದ ಏರ್ಪಾಡು.

ಈ ಜಿಪುಣತನವನ್ನು ಮುರಿದರೆ ಏನಾಗಬಹುದೆಂದು ಯೋಚಿಸಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಹೆನ್ರಿ ಬುಕ್‌ವಾಲ್ಡ್. ಸಣ್ಣ ಕರುಳಿನ ಕೊನೆಯ ಮೂರನೆಯ ಒಂದು ಭಾಗವನ್ನು ಆಹಾರದ ದಾರಿಯಿಂದ ತಪ್ಪಿಸಿದರೆ ಪಿತ್ತಾಮ್ಲಗಳು ಮರಳದೆ ಹೊರಹೋಗುತ್ತವೆ. ನಷ್ಟವನ್ನು ತುಂಬಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ ಎಂಬುದು ಅವರ ತರ್ಕ. ಒಂದು ಬಾರಿ ಹೃದಯಾಘಾತವಾಗಿ ಬದುಕುಳಿದ, ಕೊಲೆಸ್ಟರಾಲ್ ಹೆಚ್ಚಿದ್ದ 838 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಥ್ಯ ಮಾತ್ರ, ಇನ್ನೊಂದಕ್ಕೆ ಪಥ್ಯದೊಡನೆ ಈ ಶಸ್ತ್ರಚಿಕಿತ್ಸೆ ಎಂದು ನಿಗದಿಪಡಿಸಿ ಸರಾಸರಿ ಹತ್ತಿರ ಹತ್ತಿರ ಹತ್ತು ವರ್ಷ ಗಮನಿಸಿದರು. 1990ರಲ್ಲಿ ಫಲಿತಾಂಶ ಹೊರಬಂದಿತು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಎಲ್‌ಡಿಎಲ್ ಶೇಕಡಾ 38ರಷ್ಟು ಕಡಿಮೆಯಿತ್ತು. ಹೃದ್ರೋಗದ ಸಾವು ಮತ್ತು ಮರು ಹೃದಯಾಘಾತಗಳನ್ನು ಒಟ್ಟಾಗಿ ಎಣಿಸಿದರೆ ಶೇಕಡಾ 35ರಷ್ಟು ಕಡಿಮೆ. ರಕ್ತದ ಕೊಲೆಸ್ಟರಾಲನ್ನು ಇಳಿಸಿದರೆ ಹೃದಯ ಉಳಿಯುತ್ತದೆಯೆ ಎಂಬ ವಿವಾದ ಅಂದು ಇನ್ನೂ ಬಿಸಿಯಾಗಿದ್ದ ಕಾಲ. ಅದರಲ್ಲಿ ಇದೊಂದು ಗಟ್ಟಿಯಾದ ಸಾಕ್ಷ್ಯವಾಯಿತು. ಅಷ್ಟರಲ್ಲಿ, 1987ರಲ್ಲಿ, ಸ್ಟಾಟಿನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಒಂದು ಮಾತ್ರೆಯಿಂದ ಆಗುವ ಕೆಲಸಕ್ಕೆ ಕರುಳನ್ನು ಕೊಯ್ಯಿಸಿಕೊಳ್ಳುವವರು ಯಾರು? ಬುಕ್‌ವಾಲ್ಡ್‌ರ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು.

ಆ 838 ಮಂದಿಯನ್ನು ಆರಿಸಿದ್ದು ಕೊಲೆಸ್ಟರಾಲಿನ ಕಾರಣಕ್ಕೇ ಹೊರತು ಬೊಜ್ಜಿನ ಕಾರಣಕ್ಕಲ್ಲ; ಅದನ್ನು ಮರೆಯಬಾರದು. ಆದರೆ ಕರುಳಿನ ದಾರಿಯನ್ನು ಬದಲಿಸಿದರೆ ಎಲ್‌ಡಿಎಲ್ ಬದಲಾಗುತ್ತದೆ ಎಂಬ ಪಾಠ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೂ ಸಲ್ಲುತ್ತದೆ. ಬೈಪಾಸಿನಲ್ಲಿ ಎಲ್‌ಡಿಎಲ್ ಇಳಿಯುತ್ತದೆ; ಕರುಳಿನ ದಾರಿಯನ್ನು ಹಾಗೆಯೇ ಬಿಡುವ ಸ್ಲೀವ್‌ನಲ್ಲಿ ಅದರ ಇಳಿಕೆ ಅತ್ಯಲ್ಪ. ಸ್ವೀಡನ್ನಿನಲ್ಲಿ ಲಾರ್ಸ್ ಶೋಸ್ಟ್ರೋಮ್ ಅವರ ನೇತೃತ್ವದಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಅಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು ಎರಡು ಸಾವಿರಕ್ಕೆ ತುಸು ಹೆಚ್ಚು. ಹೋಲಿಕೆಗೆಂದು ಇಟ್ಟುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಮಂದಿ. ಹೆಚ್ಚಿನವರಿಗೆ ಜಠರವನ್ನಷ್ಟೇ ಬಿಗಿಗೊಳಿಸುವ ಅಂದಿನ ವಿಧಾನಗಳನ್ನು ಅನುಸರಿಸಲಾಗಿತ್ತು. ಹತ್ತು ವರ್ಷಗಳ ಬಳಿಕ ಅವರ ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಸುಧಾರಿಸಿದ್ದವು, ಮಧುಮೇಹ ತಗ್ಗಿತ್ತು. ಹೊಸದಾಗಿ ಕೊಲೆಸ್ಟರಾಲ್ ಏರುವವರ ಪ್ರಮಾಣದಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಸರಾಸರಿ ಹನ್ನೊಂದು ವರ್ಷಗಳ ಹತ್ತಿರದ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 101 ಮಂದಿ, ಇನ್ನೊಂದರಲ್ಲಿ 129 ಮಂದಿ ತೀರಿಕೊಂಡಿದ್ದರು. ಲಾಭ ನಿಜ, ಮದುವೆಮನೆಯ ಕಥೆಯಲ್ಲಿರುವಷ್ಟು ದೊಡ್ಡದಲ್ಲ. ಆದುದರಿಂದ ಕೊಲೆಸ್ಟರಾಲಿಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಶಸ್ತ್ರಚಿಕಿತ್ಸೆಯಾಯಿತೆಂದು ಅದನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ.

ಇಷ್ಟಾದ ಮೇಲೆ ಕರಗಿದ ಕೊಬ್ಬು ಎಲ್ಲಿಗೆ ಹೋಯಿತು? ಬೆವರಾಯಿತು, ಮಲದಲ್ಲಿ ಹೋಯಿತು, ಶಕ್ತಿಯಾಗಿ ಮಾಯವಾಯಿತು ಎಂಬ ಉತ್ತರಗಳನ್ನು ವೈದ್ಯರೂ ಕೊಡುವುದುಂಟು. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ರಸಾಯನಶಾಸ್ತ್ರದ ಸರಳ ಲೆಕ್ಕದಿಂದ ಇದನ್ನು ಇತ್ಯರ್ಥಪಡಿಸಿದರು. 10 ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಇದಕ್ಕಾಗಿ ದೇಹವು 29 ಕಿಲೋ ಆಮ್ಲಜನಕವನ್ನು ಒಳಗೆ ಎಳೆದುಕೊಳ್ಳಬೇಕು. ಕೊಬ್ಬು ದೇಹದಿಂದ ಹೊರಡುವ ಹೆದ್ದಾರಿ ಮೂಗು. ಹೈಸ್ಕೂಲಿನ ಮಕ್ಕಳು ಸಮೀಕರಣವನ್ನು ಸರಿದೂಗಿಸಿ ಇದನ್ನು ತಾವೇ ಪರೀಕ್ಷಿಸಬಹುದು.

ಹಾಗಾದರೆ ಖಾಲಿಯಾದ ಪತ್ತಾಯಗಳ ಗತಿಯೇನು? ಅವು ಉಳಿಯುತ್ತವೆ. ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ತೋರಿಸಿದ ಬಗೆ ಸ್ವಾರಸ್ಯಕರ. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ವಿಕಿರಣಶೀಲ ಇಂಗಾಲವು ಕೊಬ್ಬಿನ ಕೋಶಗಳ ವಂಶವಾಹಿ ದ್ರವ್ಯದಲ್ಲಿ ಎಷ್ಟಿದೆ ಎಂದು ಅಳೆದು, ಆ ಕೋಶಗಳು ಹುಟ್ಟಿದ ವರ್ಷವನ್ನು ಅವರು ಗುರುತಿಸಿದರು. ಪ್ರಾಯದವರಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಕೋಶ ಸತ್ತು ಹೊಸದು ಹುಟ್ಟುತ್ತದೆ. ಒಟ್ಟು ಸಂಖ್ಯೆ ಬದಲಾಗುವುದಿಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದವರಲ್ಲಿಯೂ ಕೋಶಗಳ ಸಂಖ್ಯೆ ಇಳಿದಿರಲಿಲ್ಲ, ಗಾತ್ರವಷ್ಟೇ ಕುಗ್ಗಿತ್ತು. ಈ ಸಂಖ್ಯೆ ನಿಗದಿಯಾಗುವುದು ಬಾಲ್ಯ ಮತ್ತು ಹದಿಹರೆಯದಲ್ಲಿ ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಶಾಲೆಯ ಗೇಟಿನೆದುರು ಬಣ್ಣದ ಪೊಟ್ಟಣಗಳ ತಿಂಡಿ ಮಾರುವ ಗೂಡಂಗಡಿಯ ವಿಚಾರ ಇದಕ್ಕೆ ಹೊರತಲ್ಲ. ಮೂರು-ನಾಲ್ಕು ವರ್ಷಗಳ ಬಳಿಕ ಕೆಲವರ ತೂಕ ಭಾಗಶಃ ಮರಳುತ್ತದೆ. ಅಂಥವರನ್ನು ‘ದುಡ್ಡು ದಂಡ’ ಎಂದು ಹೀಯಾಳಿಸುವುದು ಅನ್ಯಾಯ. ಖಾಲಿ ಉಗ್ರಾಣಗಳು ಅಷ್ಟೂ ಕಾಲ ತುಂಬಿಸಿಕೊಳ್ಳಲು ಕಾದಿರುತ್ತವೆ.

ಬದಲಾದ ವ್ಯವಹಾರಕ್ಕೆ ದೇಹ ಸುಂಕವನ್ನೂ ತೆರುತ್ತದೆ. ಪತ್ತಾಯದಲ್ಲಿ ಕೊಬ್ಬಿನೊಡನೆ ಕೊಲೆಸ್ಟರಾಲೂ ಇರುತ್ತದೆ. ವೇಗವಾಗಿ ತೂಕ ಇಳಿಯುವಾಗ ಅದು ಪಿತ್ತರಸಕ್ಕೆ ಬಂದು ಸೇರಿ ಹರಳುಗಟ್ಟುತ್ತದೆ. ಪಿತ್ತಕೋಶದ ಕಲ್ಲು ಮೊದಲ ತಿಂಗಳುಗಳಲ್ಲಿ ಬರುವುದು ಹೀಗೆ. ಅದನ್ನು ತಡೆಯಲು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು ಕೊಡುವುದುಂಟು. ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನೊಡನೆಯೇ ಹೀರಲ್ಪಡಬೇಕಾದುದರಿಂದ, ಕರುಳಿನ ದಾರಿ ಬದಲಾದವರಿಗೆ ಅವುಗಳ ಕೊರತೆ ಬರಬಹುದು. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆ ಬೇರೆ. ಮಾಂಸಾಹಾರವಿಲ್ಲದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯ. ಮಗುವನ್ನು ಬಯಸುವ ತರುಣಿಯರಿಗೆ ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಲು ವೈದ್ಯರು ಹೇಳುತ್ತಾರೆ. ಮದುವೆಗೆ ಮುನ್ನ ‘ತೆಳ್ಳಗಾಗಿಸಿ’ ಕಳುಹಿಸುವ ಉತ್ಸಾಹದ ಮನೆಗಳಲ್ಲಿ ಈ ಮಾತು ಯಾರ ಕಿವಿಗೂ ಬೀಳದಿರುವುದೇ ಹೆಚ್ಚು.

ಇಲ್ಲಿಗೆ ಕಾನೂನು ಬರುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಮುಖ್ಯ ಅಪಾಯಗಳು, ಬೇರೆ ಮಾರ್ಗಗಳೇನಾದರೂ ಇದ್ದರೆ ಅವು, ಚಿಕಿತ್ಸೆಯನ್ನು ನಿರಾಕರಿಸಿದರೆ ಆಗುವ ಪರಿಣಾಮ ಇವನ್ನು ತಿಳಿಸಿದ ಮೇಲೆ ಪಡೆದುದೇ ಸಮ್ಮತಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿವರಣೆಯು ರೋಗಿಗೆ ತಿಳಿದ ಭಾಷೆಯಲ್ಲಿ, ಅವರಿಗೆ ಅರ್ಥವಾಗುವ ಮಟ್ಟದಲ್ಲಿ ಇರಬೇಕೆನ್ನುತ್ತದೆ. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಅಚ್ಚಾದ ಪುಟಗಳ ಕೆಳಗೆ ಕನ್ನಡದಲ್ಲಿ ಸಹಿ ಹಾಕುವ ಗಡಿನಾಡಿನ ಕುಟುಂಬಗಳಿಗೆ ಈ ವಾಕ್ಯದ ಬೆಲೆ ದೊಡ್ಡದು. ಸ್ಲೀವ್ ಮಾಡುತ್ತೀರೋ ಬೈಪಾಸೋ, ಏಕೆ ಅದೇ, ಪಿತ್ತಕೋಶಕ್ಕೇನು ಮುನ್ನೆಚ್ಚರಿಕೆ, ಯಾವ ವಿಟಮಿನ್ ಎಷ್ಟು ಕಾಲ, ತೂಕ ಮರಳಿದರೆ ಮುಂದೇನು – ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಕೇಳುವುದು ಹಕ್ಕು. ವೈದ್ಯರ ಮೇಲಿನ ಅವಿಶ್ವಾಸವಲ್ಲ. ಪಿತ್ತರಸವನ್ನು ಕನ್ನಡದಲ್ಲಿಯೇ ಓದಿದ ಹತ್ತನೆಯ ತರಗತಿಯ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅಜ್ಜಿಗೆ ವೈದ್ಯರ ಮಾತು ಇನ್ನಷ್ಟು ತಿಳಿದೀತು.

ಹಣದ ವಿಚಾರದಲ್ಲಿ ತೊಡಕು ಬೇರೆಯೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ಆರೋಗ್ಯ ವಿಮೆಯು ಬೊಜ್ಜಿನ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸಬೇಕಾದರೆ, ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೆ 35 ಇದ್ದು ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ನಿದ್ರೆಯಲ್ಲಿ ಉಸಿರುಗಟ್ಟುವ ತೀವ್ರ ಕಾಯಿಲೆಗಳಂಥವು ಜೊತೆಗಿದ್ದು, ಸೌಮ್ಯ ಮಾರ್ಗಗಳು ವಿಫಲವಾಗಿರಬೇಕು. ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. 160 ಸೆಂಟಿಮೀಟರ್ ಎತ್ತರದವರಿಗೆ 40 ಎಂದರೆ 102.4 ಕಿಲೋ, 35 ಎಂದರೆ 89.6 ಕಿಲೋ. ಆದರೆ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಮಿತಿಯನ್ನು ಇಳಿಸಿವೆ. ಏಷ್ಯಾದವರ ವಿಚಾರದಲ್ಲಿ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದಿವೆ. ಅದೇ ಎತ್ತರಕ್ಕೆ ಇದು 70.4 ಕಿಲೋ.

ಈ ರಿಯಾಯಿತಿಗೆ ಕಾರಣವಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮಿಬ್ಬರದೇ ಭಾವಚಿತ್ರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಕೂಡ 22.3, ದೇಹದ ಕೊಬ್ಬು ಮಾತ್ರ ಯುಡ್‌ಕಿನ್‌ರದು ಶೇಕಡಾ 9.1, ಯಾಜ್ಞಿಕರದು ಶೇಕಡಾ 21.2. ನೋಡಲು ತೆಳ್ಳಗಿದ್ದರೂ ಭಾರತೀಯನ ಚಾವಡಿಗೆ ಭತ್ತ ಬೇಗನೆ ಚೆಲ್ಲುತ್ತದೆ. ವೈದ್ಯಶಾಸ್ತ್ರ ಒಪ್ಪಿದ ಈ ಸಂಗತಿಯನ್ನು ವಿಮೆಯ ಷರತ್ತು ಇನ್ನೂ ಒಪ್ಪಿಲ್ಲ. 160 ಸೆಂಟಿಮೀಟರ್ ಎತ್ತರದ, 85 ಕಿಲೋ ತೂಗುವ ಮಧುಮೇಹಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ವಿಮಾ ಕಂಪೆನಿ ಷರತ್ತನ್ನು ತೋರಿಸಿ ನಿರಾಕರಿಸಬಹುದು. ಇಬ್ಬರೂ ತಮ್ಮ ತಮ್ಮ ಕಾಗದದ ಪ್ರಕಾರ ಸರಿ.

ಷರತ್ತಿನೊಳಗೆ ಬರುವವರ ಅರ್ಜಿಯೂ ‘ಸೌಮ್ಯ ಮಾರ್ಗಗಳು ವಿಫಲ’ ಎಂಬ ಮಾತಿನಲ್ಲಿ ಎಡವಬಹುದು. ಪಥ್ಯ ಮಾಡಿದ್ದು, ನಡಿಗೆ ಮಾಡಿದ್ದು, ಮದ್ದು ತೆಗೆದುಕೊಂಡದ್ದು ಬಾಯಿಮಾತಿನಲ್ಲಿದ್ದರೆ ಸಾಲದು. ಕ್ಲಿನಿಕ್ಕಿನ ಚೀಟಿಗಳು, ಆಹಾರತಜ್ಞರ ಪಟ್ಟಿ, ದಿನಾಂಕದೊಡನೆ ಬರೆದ ತೂಕ, ಎತ್ತರವನ್ನು ಚಪ್ಪಲಿ ತೆಗೆಸಿ ಅಳೆದ ದಾಖಲೆ – ಇವನ್ನು ಒಂದು ಕಡತದಲ್ಲಿ ಕಾದಿಡಬೇಕು. ಆಸ್ಪತ್ರೆಗೆ ಸೇರುವುದಕ್ಕೆ ಮೊದಲೇ ಕಂಪೆನಿಯಿಂದ ಲಿಖಿತ ಪೂರ್ವಾನುಮತಿಯನ್ನು ಪಡೆಯಬೇಕು; ನಿರಾಕರಿಸಿದರೆ ಕಾರಣವನ್ನೂ ಬರಹದಲ್ಲಿ ಕೇಳಿ ಪಡೆದು, ಮೊದಲು ಕಂಪೆನಿಯ ದೂರು ವಿಭಾಗಕ್ಕೆ, ಅಲ್ಲಿ ಪರಿಹಾರ ಸಿಗದಿದ್ದರೆ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಬಿಡುಗಡೆಯ ನಂತರದ ಖರ್ಚನ್ನು ಪಾಲಿಸಿಗಳು ಸಾಮಾನ್ಯವಾಗಿ 60 ಅಥವಾ 90 ದಿನಗಳಿಗೆ ಸೀಮಿತಗೊಳಿಸುತ್ತವೆ; ಆಮೇಲಿನ ವಿಟಮಿನ್ ಮಾತ್ರೆ ಮತ್ತು ವರ್ಷವರ್ಷದ ರಕ್ತಪರೀಕ್ಷೆಯ ವೆಚ್ಚವನ್ನು ಕುಟುಂಬವೇ ಲೆಕ್ಕದಲ್ಲಿ ಸೇರಿಸಿಕೊಂಡಿರಬೇಕಾಗುತ್ತದೆ.